ನೂಲು ನೋಡಿ ಕಡ್ಡಿ ಹಿಡಿಯಿರಿ

ತಂಗಿಗೆ ಹೆಣ್ಣುಮಗು ಹುಟ್ಟಿದಾಗ ಕುಲಾವಿ ಹೆಣೆದುಕೊಡುತ್ತೇನೆಂದು ಹೇಳಿಬಿಟ್ಟೆ. ಅವಳದು ಸೆಕೆಯ ಊರು, ಉಣ್ಣೆ ಬೇಡವೆಂದು ರೇಷ್ಮೆ ಬೆರೆತ ನುಣುಪಾದ ಹತ್ತಿ ನೂಲು ತಂದೆ. ಜೊತೆಗೆ ನಿಕಲ್ ಲೇಪದ, ಕನ್ನಡಿಯಂತೆ ಹೊಳೆಯುವ ಹೊಸ ಕಡ್ಡಿಗಳನ್ನೂ ತಂದೆ. ಮೈಸೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೆಣೆಯುತ್ತಿದ್ದೆ. ಮದ್ದೂರಿನ ಹತ್ತಿರ ಬಸ್ಸು ಒಂದು ರಸ್ತೆಯುಬ್ಬು ಹಾರಿದ್ದೇ ತಡ, ಎಡಗೈಯ ಕಡ್ಡಿ ಸರಕ್ಕನೆ ಜಾರಿ ಸೀಟಿನ ಕೆಳಗೆ ಠಣ್ ಎಂದಿತು. ನಲವತ್ತಕ್ಕೂ ಹೆಚ್ಚು ಕುಣಿಕೆಗಳು ಕಡ್ಡಿಯಿಲ್ಲದೆ ಬಾಯಿ ಬಿಟ್ಟುಕೊಂಡು ನಿಂತಿದ್ದವು. ಅವುಗಳಲ್ಲಿ ಒಂದು ಕೆಳಗಿನ ಸಾಲಿಗೆ, ಅಲ್ಲಿಂದ ಅದರ ಕೆಳಗಿನ ಸಾಲಿಗೆ ಏಣಿ ಇಳಿದಂತೆ ಬಿಚ್ಚಿಕೊಳ್ಳುತ್ತ ಹೋಯಿತು. ರೇಷ್ಮೆಗೂಡಿನ ಮಾರುಕಟ್ಟೆಯ ಊರಾದ ರಾಮನಗರ ದಾಟಿದರೂ ನಾನು ಕ್ರೋಶಾ ಕಡ್ಡಿಯಿಂದ ಒಂದೊಂದೇ ಕುಣಿಕೆ ಎತ್ತಿ ಕೂರಿಸುತ್ತಲೇ ಇದ್ದೆ.

ಮರುದಿನ ಪಕ್ಕದ ಮನೆಯ ಅಜ್ಜಿ ತಮ್ಮ ಬಿದಿರಿನ ಕಡ್ಡಿಗಳನ್ನು ಕೊಟ್ಟರು. ಅದೇ ನೂಲು, ಅದೇ ಕೈ. ಕುಣಿಕೆಗಳು ಮಾತ್ರ ಕೂತಲ್ಲೇ ಕೂತವು.

ಹೆಣಿಗೆ ಕಲಿಯುವವರಿಗೆ ನಾವು ಕಡ್ಡಿಯ ಗಾತ್ರವನ್ನು ಹೇಳಿಕೊಡುತ್ತೇವೆ, ಕಡ್ಡಿ ಯಾವುದರಿಂದ ಮಾಡಿದ್ದೆಂಬುದನ್ನು ಯಾರೂ ಹೇಳುವುದಿಲ್ಲ. ಹೊಸಬರ ಅರ್ಧ ತೊಂದರೆ ಇರುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ. ಸೂತ್ರ ಸರಳ: ಜಾರುವ ನೂಲಿಗೆ ಹಿಡಿಯುವ ಕಡ್ಡಿ, ಹಿಡಿಯುವ ನೂಲಿಗೆ ಜಾರುವ ಕಡ್ಡಿ. ಮುಂದೆ ಹೇಳುವುದೆಲ್ಲ ಇದರ ಮೇಲಿನ ಒಗ್ಗರಣೆ.

ಮೊದಲು ನೂಲಿನ ಜಾತಕ

ನಮ್ಮ ಫ್ಯಾನ್ಸಿ ಸ್ಟೋರುಗಳಲ್ಲಿ ‘ಉಲ್ಲನ್’ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್. ಲೂಧಿಯಾನದ ಕಾರ್ಖಾನೆಗಳಿಂದ ಬರುವ ಬಣ್ಣಬಣ್ಣದ ಉಂಡೆಗಳವು. ಅದರಲ್ಲಿ ತಪ್ಪೇನೂ ಇಲ್ಲ, ಒಗೆಯಲು ಸುಲಭ, ನುಸಿ ಹತ್ತುವುದಿಲ್ಲ. ಆದರೆ ಕಡ್ಡಿ ಆರಿಸುವಾಗ ಅದನ್ನು ಕುರಿಯ ಉಣ್ಣೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. ಆದ್ದರಿಂದ ಉಂಡೆಗೆ ಸುತ್ತಿದ ಚೀಟಿಯನ್ನು ಓದಿ. ಚೀಟಿ ಕಳೆದುಹೋಗಿದ್ದರೆ ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಸಿಂಕಿನ ಮೇಲೆ, ಬೆಂಕಿಕಡ್ಡಿಯಿಂದ ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುವ ಬೂದಿ ಉಳಿದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ, ಇಲ್ಲವೇ ಮರ, ಬಿದಿರುಗಳ ತಿರುಳಿನಿಂದ ಮಾಡುವ ವಿಸ್ಕೋಸ್. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್ಕಿನಂಥ ಕೃತಕ ನೂಲು. ಆ ಮಣಿ ತಣ್ಣಗಾಗುವವರೆಗೆ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತದೆ.

ಆಮೇಲೆ ಎರಡು ಪರೀಕ್ಷೆ ಬೆರಳಿನಲ್ಲೇ ಮಾಡಬಹುದು. ನೂಲನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಎಳೆಯಿರಿ. ತಡೆದು ತಡೆದು ಬರುತ್ತದೆಯೋ, ಎಣ್ಣೆ ಹಚ್ಚಿದಂತೆ ಜಾರುತ್ತದೆಯೋ? ಎರಡನೆಯದಾಗಿ ಗೇಣುದ್ದ ಹಿಡಿದು ಜಗ್ಗಿ ಬಿಡಿ. ಹಿಂದಕ್ಕೆ ಬರುತ್ತದೆಯೋ, ಸತ್ತಂತೆ ಬಿದ್ದಿರುತ್ತದೆಯೋ?

ಕುರಿಯ ಉಣ್ಣೆಯ ಎಳೆಯ ಮೇಲೆ ಹೆಂಚಿನ ಮಾಡಿನಂತೆ ಒಂದರ ಮೇಲೊಂದು ಹೊದ್ದ ಸಣ್ಣ ಹುರುಪೆಗಳಿರುತ್ತವೆ. ಅವು ಕಡ್ಡಿಯನ್ನೂ ಪಕ್ಕದ ಎಳೆಯನ್ನೂ ಹಿಡಿದುಕೊಳ್ಳುತ್ತವೆ. ಉಣ್ಣೆ ಜಗ್ಗಿದರೆ ಹಿಗ್ಗಿ ಮತ್ತೆ ಕುಗ್ಗುವುದರಿಂದ ಕುಣಿಕೆ ಕಡ್ಡಿಯ ಮೈಗೆ ತಾನಾಗಿಯೇ ಅಪ್ಪಿಕೊಳ್ಳುತ್ತದೆ. ರೇಷ್ಮೆ ಹುಳು ಬಿಡುವುದು ನೂರಾರು ಮೀಟರ್ ಉದ್ದದ ಒಂದೇ ನುಣುಪು ಎಳೆ, ಅದರಲ್ಲಿ ಹಿಡಿಯಲು ಏನೂ ಇಲ್ಲ. ಹತ್ತಿಗೆ ಅಷ್ಟು ಜಾರುವ ಗುಣವಿಲ್ಲದಿದ್ದರೂ ಹಿಗ್ಗುವ ಗುಣವೇ ಇಲ್ಲ. ‘ಬಿದಿರು ನೂಲು’ ಎಂದು ಮಾರುವುದು ಸಾಮಾನ್ಯವಾಗಿ ವಿಸ್ಕೋಸ್, ಅದು ರೇಷ್ಮೆಯ ತಮ್ಮ. ಉಣ್ಣೆಯ ಚೀಟಿಯ ಮೇಲೆ ‘ಸೂಪರ್‌ವಾಷ್’ ಎಂದಿದ್ದರೆ ಯಂತ್ರದಲ್ಲಿ ಒಗೆದರೂ ಗಂಟುಕಟ್ಟದಂತೆ ಆ ಹುರುಪೆಗಳನ್ನು ಸವೆಸಿದ್ದಾರೆ ಅಥವಾ ಅವುಗಳ ಮೇಲೆ ತೆಳು ಲೇಪ ಕೊಟ್ಟಿದ್ದಾರೆ ಎಂದರ್ಥ. ಅದು ಹೆಸರಿಗೆ ಉಣ್ಣೆ, ನಡತೆಯಲ್ಲಿ ಜಾರುವ ನೂಲು.

ಕಡ್ಡಿಗಳ ಸ್ವಭಾವ

ನಮ್ಮಲ್ಲಿ ಎಲ್ಲರ ಮನೆಯಲ್ಲೂ ಸಿಗುವುದು ಬೂದು ಬಣ್ಣದ ಅಲ್ಯೂಮಿನಿಯಂ ಕಡ್ಡಿ. ಊಟಿಯ ಪುಟಾಣಿ ರೈಲಿನಲ್ಲಿ ಹೋದವರು ಕೇತ್ತಿ ಎಂಬ ನಿಲ್ದಾಣ ನೋಡಿರುತ್ತೀರಿ. ಪೋನಿ ಹೆಸರಿನ ಸೂಜಿ, ಕಡ್ಡಿಗಳನ್ನು ಮಾಡುವ ನೀಡಲ್ ಇಂಡಸ್ಟ್ರೀಸ್ ಇರುವುದು ಆ ಕೇತ್ತಿಯಲ್ಲಿ. ಅಲ್ಯೂಮಿನಿಯಂ ಹಗುರ, ಅಗ್ಗ, ನೂಲು ಹದವಾಗಿ ಜಾರುತ್ತದೆ. ಮೇಲಿನ ಲೇಪ ಸವೆದ ಹಳೆಯ ಕಡ್ಡಿಯಾದರೆ ಒಂದು ಎಚ್ಚರಿಕೆ: ಬೆವರಿನ ಕೈಯಲ್ಲಿ ಅದು ಬೂದು ಮಸಿ ಬಿಡುತ್ತದೆ. ಬಿಳಿ ಟವೆಲಿನಿಂದ ಉಜ್ಜಿ ನೋಡಿ. ಟವೆಲು ಕಪ್ಪಾದರೆ ಆ ಕಡ್ಡಿಯನ್ನು ಗಾಢ ಬಣ್ಣದ ನೂಲಿಗೆ ಮೀಸಲಿಡಿ.

ನಿಕಲ್ ಲೇಪದ ಹಿತ್ತಾಳೆ ಕಡ್ಡಿ ಎಲ್ಲಕ್ಕಿಂತ ಹೆಚ್ಚು ಜಾರುತ್ತದೆ, ವೇಗವಾಗಿ ಹೆಣೆಯುವವರ ಮೆಚ್ಚಿನದು. ಕೃತಕ ಒಡವೆ ಹಾಕಿದರೆ ಕಿವಿ ತುರಿಸುವವರು ಇದನ್ನು ದೂರವಿಡಬೇಕು. ಆ ತುರಿಕೆಗೆ ಬಹಳ ಸಲ ನಿಕಲ್ಲೇ ಕಾರಣ. ಅಂಥವರಿಗೆ ಮರ ಅಥವಾ ಬಿದಿರು ಒಳ್ಳೆಯದು. ಸ್ಟೇನ್‌ಲೆಸ್ ಸ್ಟೀಲ್ ಕೂಡ ಹೆಚ್ಚಿನವರಿಗೆ ಒಗ್ಗುತ್ತದೆ. ಅದು ನಿಕಲ್ ಲೇಪದಷ್ಟು ಜಾರುವುದಿಲ್ಲ, ತುಸು ತೂಕ, ಮೊನೆ ಚೂಪಾಗಿ ಉಳಿಯುತ್ತದೆ.

ಬಿದಿರಿನ ಮೈಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ನಾರಿನ ಗೆರೆಗಳಿವೆ. ಕುಣಿಕೆಗಳನ್ನು ಹಿಡಿದಿಡುವುದು ಅವೇ. ಕೈಗೆ ಬೆಚ್ಚಗೆ, ಹಗುರ, ಸದ್ದಿಲ್ಲ. ಹೊಸದಾಗಿ ಕಲಿಯುವವರ ಕೈಗೆ ನಾನು ಕೊಡುವುದು ಇದನ್ನೇ. ದೋಷವೂ ಇದೆ: 2.5 ಮಿಲಿಮೀಟರಿಗಿಂತ ಸಣ್ಣದಾದರೆ ಬಿಗಿ ಕೈಯವರಲ್ಲಿ ಲಟಕ್ಕೆಂದು ಮುರಿಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ತೇವ ಹೀರಿ ಮೈ ಒರಟಾಗುತ್ತದೆ. ನುಣುಪು ಮಾಡಿದ ಮರದ ಕಡ್ಡಿ ಬಿದಿರಿಗೂ ಲೋಹಕ್ಕೂ ನಡುವಿನದು. ಬಣ್ಣಬಣ್ಣದ ಪದರಗಳು ಕಾಣುವ ನಿಟ್‌ಪ್ರೊ ಸಿಂಫನಿ ಕಡ್ಡಿಗಳು ಬರ್ಚ್ ಮರದ ತೆಳು ಹಾಳೆಗಳನ್ನು ಅಂಟಿಸಿ ಮಾಡಿದವು. ಹೊರದೇಶದವೆಂದು ಬಹಳ ಮಂದಿ ತಿಳಿದಿರುವ ಈ ನಿಟ್‌ಪ್ರೊ ನಮ್ಮ ದೇಶದ್ದೇ, ಜೈಪುರದಲ್ಲಿ ತಯಾರಾಗುತ್ತದೆ.

ಪ್ಲಾಸ್ಟಿಕ್ ಕಡ್ಡಿಯ ಬಗ್ಗೆ ನನಗೆ ಅಷ್ಟು ಪ್ರೀತಿಯಿಲ್ಲ. ಕೈಯ ಬಿಸಿಗೆ ಬಾಗುತ್ತದೆ, ಅಕ್ರಿಲಿಕ್ ನೂಲಿನ ಜೊತೆ ಸೇರಿದರೆ ಕೀಚ್ ಕೀಚ್ ಎನ್ನುತ್ತದೆ. ಆದರೆ 10 ಮಿಲಿಮೀಟರಿನಂಥ ದಪ್ಪ ಕಡ್ಡಿ ಬೇಕಾದಾಗ ಲೋಹದ್ದು ಒನಕೆಯಷ್ಟು ಭಾರ, ಆಗ ಪ್ಲಾಸ್ಟಿಕ್ಕೇ ಗತಿ. ಕಾರ್ಬನ್ ಫೈಬರ್ ಕಡ್ಡಿ ದುಬಾರಿ. ಕಾಲುಚೀಲದಂಥ ಸಣ್ಣ ಅಳತೆಯ ಕೆಲಸಕ್ಕೆ, ಬಿದಿರನ್ನು ಮುರಿದು ಮುರಿದು ಸಾಕಾದವರಿಗೆ, ಅದು ಕೊಟ್ಟ ಹಣಕ್ಕೆ ಮೋಸವಿಲ್ಲ. ಅದರ ಮೊನೆ ಲೋಹದ್ದಾಗಿರಬಹುದು, ನಿಕಲ್ ಒಗ್ಗದವರು ಕೇಳಿ ಕೊಳ್ಳಿ.

ಜೋಡಿ ಕೂಡಿಸುವುದು

ರೇಷ್ಮೆ, ವಿಸ್ಕೋಸ್, ಸೂಪರ್‌ವಾಷ್ ಉಣ್ಣೆ, ಹೊಳಪಿನ ಹತ್ತಿಗೆ ಬಿದಿರು ಅಥವಾ ಮರ. ಇದರಲ್ಲಿ ಎರಡು ಮಾತಿಲ್ಲ.

ಮಾಮೂಲಿ ಹತ್ತಿಯ ವಿಷಯ ಸ್ವಲ್ಪ ಜಟಿಲ. ಜಾರುತ್ತದೆಯೆಂದು ಬಿದಿರು ಕೊಟ್ಟರೆ ಬಿಗಿಯಾಗಿ ಹೆಣೆಯುವವರ ಗೋಳು ಹೇಳತೀರದು. ಹತ್ತಿ ಹಿಗ್ಗುವುದಿಲ್ಲ. ಬಿಗಿ ಕುಣಿಕೆಯೊಳಗೆ ಕಡ್ಡಿ ತೂರಿಸಲು ಮಣಿಕಟ್ಟೇ ಜಗ್ಗಬೇಕು, ಮೇಲೆ ಬಿದಿರಿನ ಹಿಡಿತ ಬೇರೆ. ಬೇಸಿಗೆಯ ಬೆವರೂ ಸೇರಿದರೆ ನಾಲ್ಕು ಸಾಲಿಗೆ ಹೆಬ್ಬೆರಳ ಬುಡ ನೋಯುತ್ತದೆ. ಆದ್ದರಿಂದ ಹತ್ತಿಗೆ ನಿಮ್ಮ ಕೈ ಸಡಿಲವಿದ್ದರೆ ಬಿದಿರು, ಬಿಗಿಯಿದ್ದರೆ ನುಣುಪು ಮರ ಅಥವಾ ಸ್ಟೀಲು.

ಕುರಿ ಉಣ್ಣೆ ಯಾವ ಕಡ್ಡಿಯ ಜೊತೆಗೂ ಸಂಸಾರ ಮಾಡುತ್ತದೆ, ಆದರೆ ಲೋಹದ ಮೇಲೆ ಅದರ ಓಟವೇ ಬೇರೆ. ಒರಟು ಉಣ್ಣೆಗಂತೂ ಲೋಹವೇ ಆಗಬೇಕು. ಚಳ್ಳಕೆರೆ ಕಡೆಯ ಕಂಬಳಿಗೆ ಬಳಸುವ ಡೆಕ್ಕನಿ ಕುರಿಯ ಕೈನೂಲನ್ನು ಒಮ್ಮೆ ತಂದು ಚೀಲ ಹೆಣೆಯಲು ಕೂತಿದ್ದೆ. ಬಿದಿರಿನ ಕಡ್ಡಿಯ ಮೇಲೆ ಪ್ರತಿ ಕುಣಿಕೆಯನ್ನೂ ಹಟಮಾರಿ ಕುರಿಯನ್ನು ಎಳೆದಂತೆ ಎಳೆಯಬೇಕಾಯಿತು. ಆ ನೂಲಿನಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಸಪುರ, ನಡುನಡುವೆ ಒಂದೊಂದು ಹುಲ್ಲಿನ ಚೂರು. ಅಲ್ಯೂಮಿನಿಯಂ ಕಡ್ಡಿಗೆ ಬದಲಾಯಿಸಿದ ಮೇಲೆ ಕೆಲಸ ನಡೆಯಿತು. ಮೈಗೆ ಚುಚ್ಚುವ ಉಣ್ಣೆಯಾದ್ದರಿಂದ ಸ್ವೆಟರಿನ ಆಸೆ ಬಿಟ್ಟು ಚೀಲಕ್ಕೇ ನಿಂತೆ.

ಮೊಹೇರ್ ಅಂಗೋರಾ ಮೇಕೆಯ ಕೂದಲಿನಿಂದ ಬರುವುದು, ಮೋಡದಂತೆ ರೋಮ ಎದ್ದಿರುತ್ತದೆ. ಆ ರೋಮ ಒಂದಕ್ಕೊಂದು ಸಿಕ್ಕಿಕೊಳ್ಳುವುದರಿಂದ ಬಿಚ್ಚುವುದು ಬಹಳ ಕಷ್ಟ, ತಪ್ಪು ಮಾಡದಿರುವುದೇ ದಾರಿ. ಅತಿ ಚೂಪಿನ ಮೊನೆ ನೂಲಿನ ನಡುವೆ ಚುಚ್ಚಿ ಸೀಳುತ್ತದೆ. ನುಣುಪು ಮರದ ಕಡ್ಡಿ, ಮಧ್ಯಮ ಮೊನೆ ಸಾಕು. ಮಕ್ಕಳ ಆಟಿಕೆಗೆ ಬಳಸುವ ವೆಲ್ವೆಟ್ ನೂಲು ಯಾವುದಕ್ಕೂ ಅಂಟಿಕೊಳ್ಳುವಂಥದ್ದು, ಅದಕ್ಕೆ ಲೋಹ.

ಅಕ್ರಿಲಿಕ್ಕಿಗೆ ಅಲ್ಯೂಮಿನಿಯಂ ಅಥವಾ ಮರ. ಅಗ್ಗದ ಅಕ್ರಿಲಿಕ್ ಬೆವರಿನ ಕೈಯಲ್ಲಿ ಬಿದಿರಿಗೆ ಅಂಟಿದಂತಾಗುತ್ತದೆ. ಗುಣಮಟ್ಟದ ನುಣುಪು ಅಕ್ರಿಲಿಕ್ ಆದರೆ ಬಿದಿರೂ ಸರಿ.

ನೂಲಿನ ಜೊತೆಗೆ ಕೆಲಸವನ್ನೂ ನೋಡಬೇಕು. ಕಾಲುಚೀಲ, ಕೈಗವಸುಗಳನ್ನು ಎರಡೂ ಕಡೆ ಮೊನೆಯಿರುವ ಐದು ಕಡ್ಡಿಗಳಲ್ಲಿ ಸುತ್ತು ಹೆಣೆಯುವಾಗ ನಾಲ್ಕು ಕಡ್ಡಿಗಳು ಕುಣಿಕೆ ಹೊತ್ತು ನೇತಾಡುತ್ತಿರುತ್ತವೆ. ಅವು ಲೋಹದವಾಗಿದ್ದರೆ ಒಂದಲ್ಲ ಒಂದು ಜಾರಿ ಬೀಳುವುದು ಖಂಡಿತ. ಅಲ್ಲಿ ಉಣ್ಣೆಯಿದ್ದರೂ ನಾನು ಬಿದಿರನ್ನೇ ಹಿಡಿಯುತ್ತೇನೆ. ತೂತುತೂತಿನ ಲೇಸ್ ಹೆಣಿಗೆಗೂ ಹಾಗೆಯೇ, ಹಿಡಿಯುವ ಕಡ್ಡಿ, ಆದರೆ ಚೂಪು ಮೊನೆ. ಮೂರು ಕುಣಿಕೆಗಳನ್ನು ಒಟ್ಟಿಗೆ ಹೆಣೆಯಬೇಕಾದಾಗ ಮೊಂಡು ಮೊನೆ ಒಳಗೇ ಹೋಗುವುದಿಲ್ಲ. ಸಡಿಲವಾಗಿ ಹುರಿ ಮಾಡಿದ, ಎಳೆ ಬಿಡಿಸಿಕೊಳ್ಳುವ ನೂಲಾದರೆ ಇದಕ್ಕೆ ತದ್ವಿರುದ್ಧ, ಮೊಂಡು ಮೊನೆಯೇ ಲೇಸು.

ಓರೆ ಮಾಡಿ ನೋಡಿ

ಇಷ್ಟೆಲ್ಲ ಓದಿದ ಮೇಲೂ ಸಂಶಯ ಉಳಿದರೆ ಹೀಗೆ ಮಾಡಿ. ಕೊಂಡ ನೂಲಿನಲ್ಲಿ 20 ಕುಣಿಕೆ ಹಾಕಿ ಐದಾರು ಸಾಲು ಹೆಣೆಯಿರಿ. ಕುಣಿಕೆಗಳನ್ನೆಲ್ಲ ಕಡ್ಡಿಯ ನಡುವಿಗೆ ತಳ್ಳಿ, ಮೊನೆ ಕೆಳಗಾಗುವಂತೆ ನಿಧಾನವಾಗಿ ಓರೆ ಮಾಡುತ್ತ ಬನ್ನಿ. ಸ್ವಲ್ಪ ಓರೆಯಾಗುತ್ತಲೇ ಸಾಲಿಡೀ ಜಾರಿದರೆ ಆ ಜೋಡಿ ಬಸ್ಸಿಗೂ ಬೇಡ, ಬಾಲ್ಕನಿಗೂ ಬೇಡ. ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ ಕೊಡವಿದರೂ ಕುಣಿಕೆ ಕದಲದಿದ್ದರೆ ಪ್ರತಿ ಸಾಲಿಗೂ ನೀವು ತಳ್ಳುತ್ತಲೇ ಇರಬೇಕಾಗುತ್ತದೆ. ಅರ್ಧ ಓರೆಯಲ್ಲಿ ತೂಕಡಿಸಿದಂತೆ ಮೆಲ್ಲಗೆ ಸರಿಯತೊಡಗಿದರೆ ಜೋಡಿ ಸರಿಯಾಗಿದೆ. ಇದು ನನ್ನ ಸ್ವಂತದ ಅಳತೆ, ಯಾವ ಪುಸ್ತಕದ್ದೂ ಅಲ್ಲ. ಆದರೆ ಕೈಕೊಟ್ಟಿಲ್ಲ.

ಕೈಯ ಸ್ವಭಾವವನ್ನು ಮೇಲೆ ಅಲ್ಲಲ್ಲಿ ಹೇಳಿದೆ. ನಿಮ್ಮದು ಬಿಗಿ ಕೈಯೋ ಸಡಿಲ ಕೈಯೋ ಎಂಬುದು ಈ ತುಂಡಿನಲ್ಲೇ ತಿಳಿಯುತ್ತದೆ. ಕುಣಿಕೆಯೊಳಗೆ ಎರಡನೆಯ ಕಡ್ಡಿ ಸಲೀಸಾಗಿ ಹೋದರೆ ಸರಿ, ಒದ್ದಾಡಿದರೆ ಬಿಗಿ. ಬಿಗಿ ಕೈಯವರು ಇಡೀ ಸೂತ್ರದಲ್ಲಿ ಒಂದು ಹೆಜ್ಜೆ ಜಾರುವ ಕಡೆಗೆ, ಸಡಿಲ ಕೈಯವರು ಒಂದು ಹೆಜ್ಜೆ ಹಿಡಿಯುವ ಕಡೆಗೆ ಸರಿದುಕೊಳ್ಳಿ. ಕೀಲುನೋವು ಇರುವ ಹಿರಿಯರಿಗೆ ಸೂತ್ರಕ್ಕಿಂತ ಕೈ ಮುಖ್ಯ: ಹಗುರವಾದ, ತಣ್ಣಗಾಗದ ಮರ ಅಥವಾ ಬಿದಿರು, ಅದರಲ್ಲೂ ಕೇಬಲಿನಿಂದ ಜೋಡಿಸಿದ ವೃತ್ತಾಕಾರದ ಕಡ್ಡಿ. ಸ್ವೆಟರಿನ ಭಾರವೆಲ್ಲ ಮಡಿಲಲ್ಲಿ ಕೂರುತ್ತದೆ, ಮಣಿಕಟ್ಟು ಹೊರಬೇಕಿಲ್ಲ. ಹೊಸ ಕೇಬಲ್ ಸುರುಳಿ ಬಿಚ್ಚಲೊಲ್ಲದೆ ಹಟ ಮಾಡಿದರೆ ಕೇಬಲನ್ನು ಮಾತ್ರ ಒಂದು ನಿಮಿಷ ಬಿಸಿನೀರಿನಲ್ಲಿ ಅದ್ದಿ ನೇರವಾಗಿ ಎಳೆದು ಹಿಡಿಯಿರಿ.

ಕಡ್ಡಿ ಬದಲಾದರೆ ಅಳತೆಯೂ ಬದಲು

ಇದನ್ನು ಮರೆತು ನಾನು ಒಂದು ಸ್ವೆಟರನ್ನೇ ಅಣ್ಣನಿಗೆ ಬದಲು ಅತ್ತಿಗೆಯ ಅಣ್ಣನಿಗೆ ಕೊಟ್ಟಿದ್ದೇನೆ. ಅವರು ದೊಡ್ಡ ಆಳು. ಒಂದೇ 4 ಮಿಲಿಮೀಟರ್ ಗಾತ್ರವಾದರೂ ಬಿದಿರಿನಲ್ಲಿ ನನ್ನ ಹೆಣಿಗೆ 10 ಸೆಂಟಿಮೀಟರಿಗೆ 22 ಕುಣಿಕೆ ಬಂದರೆ, ಲೋಹದಲ್ಲಿ 20 ಬಂದಿತ್ತು. ಬರೀ ಎರಡು ಕುಣಿಕೆ ಎಂದು ಸುಮ್ಮನಾದೆ. ಲೆಕ್ಕ ಹಾಕಿ: 198 ಕುಣಿಕೆಯ ಸ್ವೆಟರು ಮೊದಲನೆಯದರಲ್ಲಿ 90 ಸೆಂಟಿಮೀಟರ್ ಸುತ್ತಳತೆ, ಎರಡನೆಯದರಲ್ಲಿ 99. ಕೆಲವರಿಗೆ ವ್ಯತ್ಯಾಸ ಇಷ್ಟಿರುವುದಿಲ್ಲ, ಕೆಲವರಿಗೆ ತಿರುಗುಮುರುಗು. ಅದಕ್ಕೇ ಮಾದರಿ ತುಂಡನ್ನು ಕೆಲಸಕ್ಕೆ ಬಳಸುವ ಕಡ್ಡಿಯಲ್ಲಿಯೇ ಹೆಣೆದು, ಒಗೆದು, ಒಣಗಿಸಿ ಅಳೆಯಬೇಕು. ನಡುವೆ ಕಡ್ಡಿ ಮುರಿದರೆ ಅದೇ ಬಗೆಯದನ್ನೇ ತರಬೇಕು. ಮುಂಭಾಗ ಬಿದಿರಿನಲ್ಲಿ, ಬೆನ್ನು ಲೋಹದಲ್ಲಿ ಹೆಣೆದರೆ ಹೊಲಿಯುವ ದಿನ ಎರಡೂ ಒಂದಕ್ಕೊಂದು ಕೂಡುವುದಿಲ್ಲ.

ಇನ್ನು ಅಂಗಡಿಯಲ್ಲಿ ನಂಬರಿನ ಗೊಂದಲ. ನಮ್ಮಲ್ಲಿ ಇಂದಿಗೂ ಹಳೆಯ ಇಂಗ್ಲಿಷ್ ನಂಬರು ನಡೆಯುತ್ತದೆ: 8ನೇ ನಂಬರೆಂದರೆ 4 ಮಿಲಿಮೀಟರ್, 10 ಎಂದರೆ 3.25, 12 ಎಂದರೆ 2.75, 14 ಎಂದರೆ 2. ನಂಬರು ಏರಿದಂತೆ ಕಡ್ಡಿ ಸಪುರ. ಅಮೆರಿಕದ ಲೆಕ್ಕ ತಲೆಕೆಳಗು, ಅಲ್ಲಿ ನಂಬರು ಏರಿದಂತೆ ಕಡ್ಡಿ ದಪ್ಪ, ಅವರ 8 ಎಂದರೆ 5 ಮಿಲಿಮೀಟರ್. ಯೂಟ್ಯೂಬಿನಲ್ಲಿ ನೋಡಿದ ಮಾದರಿಗೆ ಪೇಟೆಯಿಂದ 8ನೇ ನಂಬರು ತಂದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಮಿಲಿಮೀಟರಿನಲ್ಲೇ ಕೇಳಿ.

ನಮ್ಮ ಈ ಉಲ್ಟಾ ನಂಬರು ಬಂದದ್ದು ತಂತಿಯ ಗೇಜಿನಿಂದ. ತಂತಿಯನ್ನು ತೂತಿನೊಳಗೆ ಹೆಚ್ಚು ಸಲ ಎಳೆದಷ್ಟೂ ಸಪುರವಾಗುತ್ತದೆ, ನಂಬರು ಏರುತ್ತದೆ. ಸೈಕಲ್ ಚಕ್ರದ 14 ಗೇಜಿನ ಕಡ್ಡಿಯೂ 2 ಮಿಲಿಮೀಟರೇ. ಸಣ್ಣ ಕಡ್ಡಿ ಸಿಗದ ಕಾಲದಲ್ಲಿ ಸೈಕಲ್ ಕಡ್ಡಿಯ ತುದಿ ಉಜ್ಜಿ ಹೆಣೆದವರಿದ್ದಾರೆ. ಕನ್ನಡದಲ್ಲಿ ಎರಡಕ್ಕೂ ‘ಕಡ್ಡಿ’ ಎಂಬ ಒಂದೇ ಹೆಸರಿರುವುದು ನನಗೆ ಯಾವಾಗಲೂ ಖುಷಿ ಕೊಡುತ್ತದೆ.

ಮೊದಲ ಸಲ ಕೊಳ್ಳುವವರು ಬಣ್ಣದ ಪೆಟ್ಟಿಗೆಯ ದೊಡ್ಡ ಸೆಟ್ಟಿಗೆ ಕೈಹಾಕಬೇಡಿ. 4 ಮಿಲಿಮೀಟರಿನಲ್ಲಿ ಒಂದು ಜೊತೆ ಬಿದಿರು, ಒಂದು ಜೊತೆ ಅಲ್ಯೂಮಿನಿಯಂ ತನ್ನಿ. ಅಂಗಡಿಯಲ್ಲೇ ಮೊನೆಯನ್ನು ಕೆನ್ನೆಗೆ ಉಜ್ಜಿ ನೋಡಿ, ಬೆರಳಿಗೆ ತಿಳಿಯದ ಸಿಬಿರು ಕೆನ್ನೆಗೆ ತಿಳಿಯುತ್ತದೆ. ವೃತ್ತಾಕಾರದ್ದಾದರೆ ಕೇಬಲೂ ಕಡ್ಡಿಯೂ ಸೇರುವ ಕಡೆ ಉಗುರು ಆಡಿಸಿ. ಉಗುರು ತಡೆದರೆ ನೂಲೂ ತಡೆಯುತ್ತದೆ, ಬೇರೆಯದನ್ನು ಕೇಳಿ.

ಬಿದಿರಿನ ಕಡ್ಡಿ ಒರಟಾದರೆ ಎಸೆಯಬೇಡಿ. 600 ನಂಬರಿಗಿಂತ ನಯವಾದ ಉಪ್ಪುಕಾಗದದಲ್ಲಿ ನಾರಿನ ಉದ್ದಕ್ಕೆ ಉಜ್ಜಿ, ಒರೆಸಿ, ಮೇಣದ ಕಾಗದದಿಂದ ನಾಲ್ಕು ಸಲ ಎಳೆಯಿರಿ. ಮಳೆಗಾಲದಲ್ಲಿ ಮುಚ್ಚಳದ ಡಬ್ಬದಲ್ಲಿಡಿ. ಹಿಂದಿನವರು ಇಷ್ಟೆಲ್ಲ ಮಾಡುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಈಗಲೂ ಕಡ್ಡಿ ತಡೆಯಿತೆಂದರೆ ಅದನ್ನು ತಲೆಗೂದಲಿನ ನಡುವೆ ಎರಡು ಸಲ ಆಡಿಸಿ, ಆ ಎಣ್ಣೆಯ ಪಸೆಯಲ್ಲೇ ಮುಂದಿನ ಸಾಲು ಹೆಣೆಯುತ್ತಾರೆ. ಚೆನ್ನಾಗಿಯೇ ಓಡುತ್ತದೆ. ಬಿಳಿ ನೂಲು ಹೆಣೆಯುವ ದಿನ ಮಾತ್ರ ಆ ಉಪಾಯ ಬೇಡ, ತುರುಬಿಗೆ ಕಡ್ಡಿ ಸಿಕ್ಕಿಸಿಕೊಳ್ಳುವುದೂ ಬೇಡ.